ಮೂರನೆಯ ಕೋಣೆಯ ಬೆಲೆ ಎಷ್ಟು?

ಮನೆಯ ಗಾತ್ರವನ್ನು ಹೇಳಲು ನಮ್ಮಲ್ಲಿ ಒಂದೊಂದು ಕಾಲಕ್ಕೆ ಒಂದೊಂದು ಅಳತೆ ಬಳಕೆಯಲ್ಲಿತ್ತು. ಹಳ್ಳಿಯ ಹಿರಿಯರು ಅಂಕಣಗಳನ್ನು ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಐದಂಕಣದ ಮನೆ, ಒಂಬತ್ತಂಕಣದ ಮನೆ ಎಂದರೆ ಕೇಳಿದವರಿಗೆ ಮನೆಯ ವಿಸ್ತಾರದ ಜೊತೆಗೆ ಮನೆತನದ ಸ್ಥಿತಿಗತಿಯೂ ತಿಳಿದುಬಿಡುತ್ತಿತ್ತು. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಂಡು, ಮೇಸ್ತ್ರಿಯನ್ನು ಹಿಡಿದು ಮನೆ ಕಟ್ಟಿಸಿದ ತಲೆಮಾರು ಚದರದ ಲೆಕ್ಕಕ್ಕೆ ಬಂತು. ನೂರು ಚದರ ಅಡಿ ಸೇರಿದರೆ ಒಂದು ಚದರ; ಎಂಟು ಚದರದ ಮನೆ, ಹನ್ನೆರಡು ಚದರದ ಮನೆ ಎಂಬ ಮಾತು ಈಗಲೂ ಹಳೆಯ ಬಡಾವಣೆಗಳಲ್ಲಿ ಕೇಳಿಬರುತ್ತದೆ. ಇಂದು ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಲಹಂಕ, ಕೆಂಗೇರಿಗಳ ಕಡೆ ಮನೆ ಹುಡುಕುವವರ ಬಾಯಲ್ಲಿರುವುದು ಇವೆರಡೂ ಅಲ್ಲ. 'ಟು ಬಿಎಚ್‌ಕೆ ಸಾಕೋ, ತ್ರೀ ಬಿಎಚ್‌ಕೆ ಬೇಕೋ' ಎಂಬುದೇ ಮೊದಲ ಪ್ರಶ್ನೆ.

ಅಂಕಣವೂ ಚದರವೂ ಜಾಗವನ್ನು ಅಳೆಯುತ್ತಿದ್ದವು. ಬಿಎಚ್‌ಕೆ ಎಂಬ ಅಳತೆ ಮಲಗುವ ಕೋಣೆಗಳನ್ನು ಎಣಿಸುತ್ತದೆ. ಆ ಕೋಣೆಗಳು ಎಷ್ಟು ದೊಡ್ಡವು ಎಂಬುದನ್ನು ಹೇಳುವುದಿಲ್ಲ. ಆದರೂ ಜೀವಮಾನದ ಉಳಿತಾಯವನ್ನೂ ಮುಂದಿನ ಇಪ್ಪತ್ತು ವರ್ಷಗಳ ಸಂಬಳದ ಒಂದು ಪಾಲನ್ನೂ ಮಧ್ಯಮ ವರ್ಗದವರು ಈ ಒಂದು ಅಂಕಿಯ ಆಧಾರದ ಮೇಲೆ ತೊಡಗಿಸುತ್ತಿದ್ದಾರೆ. ಕೋಣೆಯ ಸಂಖ್ಯೆ ಬೆಲೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ, ಎಷ್ಟರಮಟ್ಟಿಗೆ ನಿರ್ಧರಿಸಬೇಕು ಎಂಬುದನ್ನು ಸ್ವಲ್ಪ ಸಾವಧಾನದಿಂದ ಪರಿಶೀಲಿಸುವುದು ಅಗತ್ಯವೆಂದು ನನಗೆ ತೋರುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ದಿನಗಳಿಂದಲೂ, ಮುಂದೆ ಸರ್ಕಾರಿ ಸೇವೆಯಲ್ಲಿ ಭೂಮಿ ಮತ್ತು ಕಂದಾಯದ ಕಡತಗಳನ್ನು ನೋಡುತ್ತಿದ್ದಾಗಲೂ ಈ ವಿಷಯ ನನ್ನ ಕುತೂಹಲವನ್ನು ಕೆರಳಿಸಿದೆ.

ಬೆಲೆ ಹುಟ್ಟುವ ಬಗೆ

ಮನೆ ಎಂಬುದು ಅಕ್ಕಿ, ಬೇಳೆಯಂತಹ ಸರಕಲ್ಲ. ಅದು ಹಲವು ಗುಣಗಳ ಒಂದು ಗಂಟು. ವಿಸ್ತೀರ್ಣ, ಕೋಣೆಗಳು, ಗಾಳಿ-ಬೆಳಕು, ನೀರಿನ ಆಸರೆ, ಶಾಲೆಗೆ ಇರುವ ದೂರ, ಎಷ್ಟನೆಯ ಮಹಡಿ, ಯಾವ ದಿಕ್ಕಿನ ಬಾಗಿಲು ಇವೆಲ್ಲವನ್ನೂ ಒಟ್ಟಿಗೇ ಕೊಳ್ಳಬೇಕು. ಬಿಡಿಬಿಡಿಯಾಗಿ ಕೊಳ್ಳಲು ಬರುವುದಿಲ್ಲ. ಅನುಭೋಗಿಗೆ ತುಷ್ಟಿಗುಣ ದೊರೆಯುವುದು ವಸ್ತುವಿನಿಂದಲ್ಲ, ವಸ್ತುವಿನ ಗುಣಗಳಿಂದ ಎಂದು ಕೆಲ್ವಿನ್ ಲ್ಯಾಂಕಾಸ್ಟರ್ 1966ರಲ್ಲಿ ವಾದಿಸಿದರು. ಅಂತಹ ಒಂದೊಂದು ಗುಣಕ್ಕೂ ಮಾರುಕಟ್ಟೆ ಒಳಗೊಳಗೇ ಎಷ್ಟು ಬೆಲೆ ಕಟ್ಟಿದೆ ಎಂಬುದನ್ನು ಬಿಡಿಸಿ ನೋಡುವ ಚೌಕಟ್ಟನ್ನು 1974ರಲ್ಲಿ ಶೆರ್ವಿನ್ ರೋಸೆನ್ ಒದಗಿಸಿದರು. ಇದಕ್ಕೆ ಹೆಡಾನಿಕ್ ಬೆಲೆ ವಿಧಾನವೆಂದು ಹೆಸರು. ಬ್ರಿಟನ್ನಿನ ಅಧಿಕೃತ ಮನೆಬೆಲೆ ಸೂಚ್ಯಂಕ ಇಂದು ಇದೇ ವಿಧಾನವನ್ನು ಅನುಸರಿಸುತ್ತದೆ.

ಈ ವಿಧಾನದಿಂದ ತಿಳಿಯುವ ಒಂದು ಸಂಗತಿ ನಮ್ಮ ಚರ್ಚೆಗೆ ಬಹಳ ಮುಖ್ಯ. ಮಲಗುವ ಕೋಣೆಗಳ ಸಂಖ್ಯೆಯನ್ನು ಮಾತ್ರ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಅವೆರಡರ ಸಂಬಂಧ ಬಲವಾಗಿ ಕಾಣುತ್ತದೆ. ಕೋಣೆ ಹೆಚ್ಚಿದಂತೆ ಬೆಲೆ ಏರುತ್ತದೆ. ಆದರೆ ಲೆಕ್ಕದಲ್ಲಿ ಮನೆಯ ವಿಸ್ತೀರ್ಣವನ್ನೂ ಸೇರಿಸಿದ ಕೂಡಲೇ ಕೋಣೆಯ ಸಂಖ್ಯೆಗೆ ಸಲ್ಲುವ ಬೆಲೆ ಬಹಳವಾಗಿ ಕುಗ್ಗುತ್ತದೆ. ಕೆಲವು ಅಧ್ಯಯನಗಳಲ್ಲಿ ಅದು ಸೊನ್ನೆಗಿಂತ ಕೆಳಗಿಳಿದಿರುವುದೂ ಉಂಟು. ಕಾರಣ ಸರಳ. ಹೆಚ್ಚು ಕೋಣೆಗಳಿರುವ ಮನೆ ಸಾಮಾನ್ಯವಾಗಿ ದೊಡ್ಡ ಮನೆಯೂ ಆಗಿರುತ್ತದೆ. ಕೊಳ್ಳುವವನು ಹಣ ಕೊಡುತ್ತಿರುವುದು ಬಹುಮಟ್ಟಿಗೆ ಆ ದೊಡ್ಡತನಕ್ಕೆ. ಅಷ್ಟೇ ಜಾಗದಲ್ಲಿ ಇನ್ನೊಂದು ಗೋಡೆ ಎಬ್ಬಿಸಿ ಒಂದು ಕೋಣೆಯನ್ನು ಹೆಚ್ಚಿಸಿದರೆ ಉಳಿದ ಕೋಣೆಗಳು ಅಷ್ಟರಮಟ್ಟಿಗೆ ಕಿರಿದಾಗುತ್ತವೆ. ಒಂದು ಗುಣವನ್ನು ಕೂಡಿಸಿದಂತೆ ಕಂಡರೂ ಇನ್ನೊಂದನ್ನು ಕಳೆದಿರುತ್ತೇವೆ.

ಹಾಗೆಂದು ಕೋಣೆಯ ಸಂಖ್ಯೆಗೆ ಬೆಲೆಯೇ ಇಲ್ಲವೆಂದಲ್ಲ. ವಿಸ್ತೀರ್ಣವನ್ನು ಅಂಗೈಯಗಲ ಹೆಚ್ಚು ಕಡಿಮೆ ಮಾಡಬಹುದು, ಕೋಣೆಯನ್ನು ಹಾಗೆ ಮಾಡಲು ಬಾರದು. ಇಪ್ಪತ್ತು ಅಡಿ ಉದ್ದದ ಒಂದೇ ಕೋಣೆ ಎಷ್ಟೇ ವಿಶಾಲವಾಗಿದ್ದರೂ ಮಗ-ಸೊಸೆ ಮತ್ತು ಅತ್ತೆ-ಮಾವ ಇಬ್ಬರಿಗೂ ಒಟ್ಟಿಗೆ ಒದಗುವುದಿಲ್ಲ. ಕೋಣೆ ಎಂದರೆ ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ಇರಬಲ್ಲ ಅನುಕೂಲ. ನಮ್ಮ ತೊಟ್ಟಿಮನೆಗಳಲ್ಲಿ ನಡುಮನೆ, ಪಡಸಾಲೆ, ಜಗಲಿಗಳು ವಿಶಾಲವಾಗಿದ್ದು ಬಾಗಿಲಿದ್ದ ಕೋಣೆಗಳು ಒಂದೆರಡೇ ಇರುತ್ತಿದ್ದವು. ಆ ಕೊರತೆಯ ಭಾರವನ್ನು ಹೊತ್ತವರು ಮನೆಯ ಹೆಂಗಸರು ಎಂಬುದನ್ನು ಮರೆಯಬಾರದು. ಆದ್ದರಿಂದ ಪ್ರತ್ಯೇಕ ಕೋಣೆ ಬೇಕೆಂಬ ಇಂದಿನವರ ಆಸೆಯನ್ನು ಆಡಂಬರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಶ್ನೆ ಇರುವುದು ಆ ಆಸೆಗೆ ತೆರುವ ಬೆಲೆಗೆ ತಕ್ಕ ಕೋಣೆ ದೊರೆಯುತ್ತಿದೆಯೇ ಎಂಬುದರಲ್ಲಿ.

ಎರಡರಿಂದ ಮೂರಕ್ಕೆ ಏರುವ ಮೆಟ್ಟಿಲಿನಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ತೀವ್ರವಾಗಿ ಎದುರಾಗುತ್ತದೆ. ಗಂಡ, ಹೆಂಡತಿ, ಒಂದು ಮಗು ಇರುವ ಸಂಸಾರಕ್ಕೆ ಎರಡು ಕೋಣೆಯ ಮನೆ ಸಾಕು. ಊರಿನಿಂದ ತಂದೆ-ತಾಯಿ ಬಂದು ನೆಲೆಸುವರೆಂದಾಗ, ಮಕ್ಕಳು ಇಬ್ಬರಾಗಿ ಬೆಳೆದಾಗ, 2020ರ ಕೋವಿಡ್ ಬಳಿಕ ಮನೆಯೇ ಕಚೇರಿಯಾದಾಗ ಮೂರನೆಯ ಕೋಣೆ ಬೇಕೆನಿಸುತ್ತದೆ. ಎರಡೂವರೆ ಬಿಎಚ್‌ಕೆ ಎಂಬ ವಿಚಿತ್ರವಾದ ಅಳತೆ ಚಾಲ್ತಿಗೆ ಬಂದದ್ದೂ ಈ ಅಗತ್ಯದ ಬೆನ್ನಲ್ಲೇ. ಮೂರರಿಂದ ನಾಲ್ಕಕ್ಕೆ ಹೋಗುವವರು ಬಹುಮಟ್ಟಿಗೆ ಅನುಕೂಲಸ್ಥರು, ಅವರಿಗೆ ಆಯ್ಕೆಗಳಿವೆ. ಮೂರನೆಯ ಕೋಣೆಯ ಮುಂದೆ ನಿಂತವರು ಹಾಗಲ್ಲ. ಅವರ ಅಗತ್ಯ ನಿಜವಾದದ್ದು, ಹಣ ಮಾತ್ರ ಬಿಗಿಯಾದದ್ದು. ಬಿಲ್ಡರುಗಳಿಗೂ ಇದು ಚೆನ್ನಾಗಿ ಗೊತ್ತು.

ಎರಡು ನಕ್ಷೆಗಳ ಲೆಕ್ಕ

ಕೆಲಕಾಲದ ಹಿಂದೆ ನನ್ನ ಅಕ್ಕನ ಮಗ ಎರಡು ಫ್ಲ್ಯಾಟ್‌ಗಳ ನಕ್ಷೆಗಳನ್ನು ತಂದು ಮುಂದಿಟ್ಟ. ಎರಡೂ ಪೂರ್ವದ ಹೊರವಲಯದಲ್ಲಿ ಕಟ್ಟಲಾಗುತ್ತಿದ್ದ ಬೇರೆಬೇರೆ ಸಮುಚ್ಚಯಗಳವು. 'ಮಾವ, ಹದಿನೈದು ಲಕ್ಷ ಜಾಸ್ತಿ ಹಾಕಿದರೆ ಮೂರು ಕೋಣೆ ಆಗುತ್ತದೆ. ಅಪ್ಪ-ಅಮ್ಮನನ್ನು ಹಾಸನದಿಂದ ಕರೆತಂದು ಇಟ್ಟುಕೊಳ್ಳಬಹುದು' ಎಂದ. ಭಾವನವರಿಗೆ ಪಾರ್ಶ್ವವಾಯು ತಗುಲಿದ ಮೇಲೆ ಅವರು ವಾಕರ್ ಹಿಡಿದು ನಡೆಯುತ್ತಾರೆ. ದೂರ ಹೋಗಬೇಕಾದರೆ ಗಾಲಿಕುರ್ಚಿ ಬೇಕು. ಹುಡುಗನ ಉದ್ದೇಶ ಸರಿಯಾಗಿಯೇ ಇತ್ತು. ನಾನು ಕಾಗದ, ಪೆನ್ಸಿಲು ತೆಗೆದುಕೊಂಡೆ.

ಎರಡೂ ಕಡೆ ಸೂಪರ್ ಬಿಲ್ಟ್-ಅಪ್ ಏರಿಯಾದ ಪ್ರತಿ ಚದರ ಅಡಿಗೆ 8,000 ರೂಪಾಯಿ ದರ. ಎರಡು ಕೋಣೆಯ ಫ್ಲ್ಯಾಟ್ 1,180 ಚದರ ಅಡಿ, ಬೆಲೆ 94.4 ಲಕ್ಷ. ಮೂರು ಕೋಣೆಯದು 1,375 ಚದರ ಅಡಿ, ಬೆಲೆ 1.10 ಕೋಟಿ. ವ್ಯತ್ಯಾಸ 15.6 ಲಕ್ಷ. ಮೇಲ್ನೋಟಕ್ಕೆ ಎಲ್ಲವೂ ನ್ಯಾಯವಾಗಿಯೇ ಕಾಣುತ್ತದೆ: ದರ ಒಂದೇ, ಜಾಗ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಸೂಪರ್ ಬಿಲ್ಟ್-ಅಪ್ ಎಂಬುದರಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆ, ಕ್ಲಬ್‌ಹೌಸುಗಳ ಪಾಲೂ ಸೇರಿರುತ್ತದೆ. ಬಾಗಿಲ ಒಳಗೆ ನಾವು ಬಳಸಲು ಸಿಗುವ ಕಾರ್ಪೆಟ್ ಏರಿಯಾ ಎಷ್ಟೆಂದು ನೋಡಿದರೆ ಮೊದಲನೆಯದರಲ್ಲಿ 860 ಚದರ ಅಡಿ, ಎರಡನೆಯದರಲ್ಲಿ 900. ಅಂದರೆ 15.6 ಲಕ್ಷ ರೂಪಾಯಿಗೆ ದೊರೆಯುವ ಹೆಚ್ಚುವರಿ ಜಾಗ 40 ಚದರ ಅಡಿ ಮಾತ್ರ. ಮೊದಲ ಫ್ಲ್ಯಾಟಿನ ಕಾರ್ಪೆಟ್ ದರ ಚದರ ಅಡಿಗೆ ಸುಮಾರು 11,000 ರೂಪಾಯಿ ಬಿದ್ದರೆ, ಆ ಕೊನೆಯ ನಲವತ್ತು ಅಡಿಗಳ ದರ 39,000 ರೂಪಾಯಿ!

ಸೀಮಾಂತ ಬೆಲೆ ಎಂದು ಅರ್ಥಶಾಸ್ತ್ರದಲ್ಲಿ ಹೇಳುವುದು ಇದನ್ನೇ. ಒಟ್ಟು ಬೆಲೆಯನ್ನು ಒಟ್ಟು ಜಾಗದಿಂದ ಭಾಗಿಸಿದರೆ ಇದು ಕಾಣುವುದಿಲ್ಲ. ಎರಡು ಆಯ್ಕೆಗಳ ನಡುವಣ ವ್ಯತ್ಯಾಸವನ್ನು ಭಾಗಿಸಿದರೆ ಮಾತ್ರ ಕಾಣುತ್ತದೆ. ಇನ್ನು ಈ 15.6 ಲಕ್ಷವನ್ನು ಶೇ 8.5ರ ಬಡ್ಡಿಗೆ ಇಪ್ಪತ್ತು ವರ್ಷಗಳ ಸಾಲವಾಗಿ ಪಡೆದರೆ ಮಾಸಿಕ ಕಂತು 13,538 ರೂಪಾಯಿ. 240 ಕಂತುಗಳಲ್ಲಿ ಕಟ್ಟುವ ಮೊತ್ತ 32.49 ಲಕ್ಷ. ನಿರ್ಮಾಣ ಹಂತದ ಮನೆಗೆ ಶೇ 5ರ ಜಿಎಸ್‌ಟಿ, ನೋಂದಣಿಯ ಖರ್ಚು, ಚದರ ಅಡಿಯ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟಬೇಕಾದ ನಿರ್ವಹಣಾ ಶುಲ್ಕ ಇವು ಬೇರೆ.

ಇಷ್ಟು ತೆತ್ತು ಪಡೆಯುವ ಮೂರನೆಯ ಕೋಣೆ ಹೇಗಿತ್ತು? ನಕ್ಷೆಯ ಪ್ರಕಾರ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಐದು ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚ, ಎರಡಡಿ ಆಳದ ಬೀರು ಇಟ್ಟ ಮೇಲೆ ಓಡಾಡಲು ಉಳಿಯುವುದು ಒಂದು ಕಿರಿದಾದ ಓಣಿ. ಗಾಲಿಕುರ್ಚಿಯೊಂದನ್ನು ತಿರುಗಿಸಲು ಒಂದೂವರೆ ಮೀಟರ್, ಅಂದರೆ ಸುಮಾರು ಐದಡಿ ವ್ಯಾಸದ ತೆರವಾದ ಜಾಗ ಬೇಕು. ಆ ಕೋಣೆಯಲ್ಲಿ ಅಷ್ಟು ಜಾಗ ಎಲ್ಲಿಯೂ ಇರಲಿಲ್ಲ. ಮಂಚದ ಒಂದು ಬದಿ ಗೋಡೆಗೆ ತಾಗಿಯೇ ಇರಬೇಕು. ಹಾಸಿಗೆ ಹಿಡಿದವರನ್ನು ಇನ್ನೊಬ್ಬರು ಆ ಕಡೆಯಿಂದ ಎತ್ತಿ ಕೂರಿಸಲಾಗದು. ಯಾರಿಗಾಗಿ ಆ ಕೋಣೆಯನ್ನು ಕೊಳ್ಳಹೊರಟಿದ್ದರೋ ಅವರನ್ನು ಅಲ್ಲಿಟ್ಟು ಆರೈಕೆ ಮಾಡುವುದು ಸಾಧ್ಯವಿರಲಿಲ್ಲ.

ಅವನು ಕೊನೆಗೆ ಎರಡನ್ನೂ ಬಿಟ್ಟು, ಮೆಟ್ರೊ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿ ಹದಿನೈದು ವರ್ಷ ಹಳೆಯದಾದ ಎರಡು ಕೋಣೆಯ ಫ್ಲ್ಯಾಟೊಂದನ್ನು ಕೊಂಡ. ಕೋಣೆಗಳು ಹನ್ನೆರಡಕ್ಕೆ ಹದಿನಾಲ್ಕು ಅಡಿಯವು. ಊಟದ ಮನೆಯ ಒಂದು ಮೂಲೆಗೆ ಪ್ಲೈವುಡ್ಡಿನ ಅಡ್ಡೆ ಕಟ್ಟಿಸಿ ಮಗಳ ಓದಿನ ಮೇಜು ಹಾಕಿದ್ದಾರೆ. ಭಾವನವರ ಮಂಚದ ಎರಡೂ ಬದಿಗಳಲ್ಲಿ ಈಗ ಒಬ್ಬರು ನಿಲ್ಲಬಹುದು. ಎಲ್ಲರಿಗೂ ಇಂತಹ ಮನೆ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಕೋಣೆಗಳನ್ನು ಎಣಿಸುವ ಮೊದಲು ಅಳೆದರೆ ಆಯ್ಕೆ ಬೇರೆಯಾಗಬಹುದು ಎಂಬುದಷ್ಟೇ ನನ್ನ ಮಾತು.

ದೂರವೂ ಒಂದು ಬೆಲೆ

ಹೊರವಲಯದ ಮಾರುಕಟ್ಟೆಯನ್ನು ನಗರದ ಒಳಭಾಗದ ಮಾರುಕಟ್ಟೆಗಿಂತ ಭಿನ್ನವಾಗಿಸುವ ಇನ್ನೊಂದು ಅಂಶವಿದೆ. ಇಟ್ಟಿಗೆ, ಸಿಮೆಂಟು, ಕಬ್ಬಿಣ, ಕೂಲಿಯ ಖರ್ಚು ಜಯನಗರದಲ್ಲಿಯೂ ಹೊಸಕೋಟೆಯ ಬಳಿಯೂ ಹೆಚ್ಚು ಕಡಿಮೆ ಒಂದೇ. ಬದಲಾಗುವುದು ಭೂಮಿಯ ಬೆಲೆ. ನಗರಕೇಂದ್ರದಿಂದ ದೂರ ಸರಿದಂತೆ ಭೂಮಿಯ ಬೆಲೆ ಇಳಿಯುತ್ತದೆ, ಓಡಾಟದ ವೆಚ್ಚ ಏರುತ್ತದೆ. ಮನೆ ಹುಡುಕುವವರು ಇವೆರಡನ್ನೂ ತೂಗಿ ನೆಲೆಯನ್ನು ಆರಿಸಿಕೊಳ್ಳುತ್ತಾರೆ. 1964ರಲ್ಲಿ ವಿಲಿಯಂ ಅಲೊನ್ಸೊ ಮಂಡಿಸಿದ ನಗರಭೂಮಿಯ ಸಿದ್ಧಾಂತದ ತಿರುಳು ಇದು. ಹಾಗಾಗಿ ಹೊರವಲಯದಲ್ಲಿ ಹೆಚ್ಚುವರಿ ಕೋಣೆ ಅಗ್ಗವಾಗಿ ಸಿಗುವುದು ಸಹಜ. ಒಳಭಾಗದಲ್ಲಿ ಎರಡು ಕೋಣೆಗೆ ತೆರುವ ಹಣಕ್ಕೆ ಅಲ್ಲಿ ಮೂರು ಸಿಗುತ್ತವೆ. ಉಳಿದ ಬೆಲೆಯನ್ನು ರಸ್ತೆಯ ಮೇಲೆ ಕಟ್ಟಬೇಕಾಗುತ್ತದೆ.

ಆ ಬೆಲೆಯನ್ನೂ ಲೆಕ್ಕ ಹಾಕಬಹುದು. ಮೂರನೆಯ ಕೋಣೆಯ ಆಸೆಯಿಂದ ಇನ್ನಷ್ಟು ದೂರ ಹೋದದ್ದಕ್ಕೆ ಕಚೇರಿಗೆ ಹೋಗಲು ನಲವತ್ತು ನಿಮಿಷ, ಬರಲು ನಲವತ್ತು ನಿಮಿಷ ಹೆಚ್ಚು ಬೇಕಾಯಿತೆನ್ನಿ. ವರ್ಷಕ್ಕೆ 240 ಕೆಲಸದ ದಿನಗಳೆಂದರೆ 320 ಗಂಟೆಗಳು. ಎಂಟು ಗಂಟೆಯ ದಿನವೆಂದು ಹಿಡಿದರೆ ನಲವತ್ತು ಪೂರ್ಣ ಕೆಲಸದ ದಿನಗಳು! ಸಾಲ ತೀರುವ ಇಪ್ಪತ್ತು ವರ್ಷಗಳಲ್ಲಿ ಇದು 6,400 ಗಂಟೆ. ಗಂಡ-ಹೆಂಡತಿ ಇಬ್ಬರೂ ದುಡಿಯುವವರಾದರೆ ಎರಡರಷ್ಟು. ಮನೆಯಲ್ಲಿ ಕೋಣೆ ಹೆಚ್ಚಿದೆ, ಕೋಣೆಯಲ್ಲಿರಲು ಸಮಯ ಕಡಿಮೆಯಾಗಿದೆ.

ಬೆಂಗಳೂರಿನ ಹೊರವಲಯ ಬೆಳೆದ ಕ್ರಮವೂ ಇದಕ್ಕೆ ಪೂರಕವಾಗಿದೆ. 1882ರಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯದ ಪುಟ್ಟ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್ 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕು ಬಂದ ಮೇಲೆ ತಾನೇ ಒಂದು ಉದ್ಯೋಗಕೇಂದ್ರವಾಯಿತು. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಮನೆಗಳು ಮೊದಲು ಬಂದವು, ನೀರು ಹದಿನೇಳು ವರ್ಷ ತಡವಾಗಿ ಬಂತು. ಈ ನಡುವೆ ಕೋಣೆಗೊಂದು ಬಚ್ಚಲಿದ್ದ ಮನೆಗಳನ್ನು ಕೊಂಡವರು ಟ್ಯಾಂಕರಿಗಾಗಿ ಕಾದರು.

ಸಾರಿಗೆಯ ಚಿತ್ರ ಇತ್ತೀಚೆಗೆ ಬದಲಾಗಿದೆ. ಮೆಟ್ರೊದ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಯನ್ನು ಮುಟ್ಟಿತು. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡಿನಿಂದ ಪಶ್ಚಿಮದ ತುದಿಯವರೆಗೆ ತಡೆಯಿಲ್ಲದೆ ಸಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆಯಿತು. ಇದರಿಂದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ಬದಲು ನಿಮಿಷಗಳಲ್ಲಿ ಅಳೆಯುವುದು ಅರ್ಥಪೂರ್ಣವಾಗಿದೆ. ನಿಲ್ದಾಣದ ಬಳಿಯ ಎರಡು ಕೋಣೆಯ ಮನೆಯನ್ನೂ ಅಲ್ಲಿಂದ ಐದು ಕಿಲೋಮೀಟರ್ ಒಳಗಿರುವ ಮೂರು ಕೋಣೆಯ ಮನೆಯನ್ನೂ ಹೋಲಿಸುವಾಗ ಕೋಣೆಯ ಎಣಿಕೆ ಒಂದೇ ಮುಂದೆ ಬಂದರೆ ಆ ಹೋಲಿಕೆ ಅಪೂರ್ಣ.

ದೀರ್ಘಕಾಲದಲ್ಲಿ ಮನೆಯ ಬೆಲೆಯನ್ನು ಏರಿಸುವುದು ಭೂಮಿ ಎಂಬುದನ್ನೂ ನೆನಪಿಡಬೇಕು. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಫ್ಲ್ಯಾಟ್ ಕೊಂಡವರಿಗೆ ದೊರೆಯುವುದು ಭೂಮಿಯಲ್ಲಿ ಒಂದು ಅವಿಭಜಿತ ಪಾಲು. ಇಪ್ಪತ್ತು, ಮೂವತ್ತು ಮಹಡಿಗಳ ಗೋಪುರದಲ್ಲಿ ಆ ಪಾಲು ಬಹಳ ಕಿರಿದು. ಕ್ರಯಪತ್ರದಲ್ಲಿ ಅದರ ಅಳತೆ ಇರುತ್ತದೆ. ಓದಿ ನೋಡುವವರು ವಿರಳ.

ಬಾಡಿಗೆಯ ಒರೆಗಲ್ಲು

ಮೂರನೆಯ ಕೋಣೆಯ ಬೆಲೆ ತಕ್ಕದ್ದೇ ಎಂದು ತಿಳಿಯಲು ಒಂದು ಸುಲಭವಾದ ಒರೆಗಲ್ಲಿದೆ. ಅದು ಬಾಡಿಗೆ. ಬೆಲೆಯಲ್ಲಿ ಮುಂದೆ ಏರೀತೆಂಬ ನಿರೀಕ್ಷೆ ಬೆರೆತಿರುತ್ತದೆ; ಬಾಡಿಗೆಯಲ್ಲಿ ಇರುವುದು ಇವತ್ತಿನ ಉಪಯೋಗ ಮಾತ್ರ. ಹೊಸ ಫ್ಲ್ಯಾಟುಗಳನ್ನು ಚದರ ಅಡಿಯ ಲೆಕ್ಕದಲ್ಲಿ ಮಾರಿದರೆ, ಬಾಡಿಗೆಯನ್ನು ನೇರವಾಗಿ ಕೋಣೆಗಳ ಲೆಕ್ಕದಲ್ಲೇ ಹೇಳುವುದು ರೂಢಿ. ಆದ್ದರಿಂದ ಕೋಣೆಯ ಬೆಲೆ ಬಾಡಿಗೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಒಂದೇ ಸಮುಚ್ಚಯದಲ್ಲಿ ಎರಡು ಮತ್ತು ಮೂರು ಕೋಣೆಗಳ ಬಾಡಿಗೆ ಎಷ್ಟೆಂದು ವಿಚಾರಿಸಿ. ವ್ಯತ್ಯಾಸ ತಿಂಗಳಿಗೆ 5,000 ರೂಪಾಯಿ ಎಂದುಕೊಳ್ಳೋಣ. ವರ್ಷಕ್ಕೆ 60,000. ಬೆಲೆಯ ವ್ಯತ್ಯಾಸ ಮೇಲಿನ ಲೆಕ್ಕದಂತೆ 15.6 ಲಕ್ಷವಾದರೆ ಮೂರನೆಯ ಕೋಣೆ ತಾನು ನುಂಗಿದ ಹಣಕ್ಕೆ ಕೊಡುವ ಪ್ರತಿಫಲ ಶೇ 3.8 ಮಾತ್ರ. ಆ ಹಣಕ್ಕೆ ಬ್ಯಾಂಕಿಗೆ ಕಟ್ಟುವುದು ಶೇ 8.5. ತಂದೆ-ತಾಯಿ ವರ್ಷಕ್ಕೆ ಮೂರು ತಿಂಗಳು ಬಂದು ಇರುವವರಾದರೆ, ಆ ಮೂರು ತಿಂಗಳಿಗಾಗಿ ಇಪ್ಪತ್ತು ವರ್ಷ ಕಂತು ಕಟ್ಟುವುದಕ್ಕಿಂತ ಬೇರೆ ದಾರಿಗಳಿವೆಯೇ ಎಂದು ಯೋಚಿಸಬಹುದು. ಅವರು ಕಾಯಂ ಆಗಿ ನೆಲೆಸುವವರಾದರೆ ಕೋಣೆ ಬೇಕೇ ಬೇಕು; ಆದರೆ ಅದು ಮುದುಕರು ನಿಜವಾಗಿಯೂ ಬಾಳಬಹುದಾದ ಕೋಣೆಯಾಗಿರಬೇಕು.

ಕೋಣೆಯ ಬಗ್ಗೆ ನಮ್ಮ ಈ ಚಿಂತೆ ಎಷ್ಟು ಸಣ್ಣ ವರ್ಗದ್ದೆಂಬ ಅರಿವೂ ನಮಗಿರಬೇಕು. 2011ರ ಜನಗಣತಿಯ ಪ್ರಕಾರ ದೇಶದ ಶೇ 37ರಷ್ಟು ಕುಟುಂಬಗಳು ಒಂದೇ ಕೋಣೆಯಲ್ಲಿ ಬಾಳುತ್ತಿದ್ದವು. ಮಲಗಲು ಸಾಧ್ಯವಾಗುವಷ್ಟು, ಅಂದರೆ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲವಿದ್ದರೆ ಜನಗಣತಿ ಅದನ್ನು ವಾಸದ ಕೋಣೆಯೆಂದು ಎಣಿಸುತ್ತದೆ. ಕೋಣೆ ಎಂಬ ಪದದ ಅರ್ಥ ಎಷ್ಟು ಹಿಗ್ಗಬಹುದು, ಎಷ್ಟು ಕುಗ್ಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಆಗಬೇಕಾದದ್ದು

ಕೋಣೆಯ ಎಣಿಕೆಗೆ ಕಡಿವಾಣ ಹಾಕುವ ನಿಯಮಗಳು ಇಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ 9.5 ಚದರ ಮೀಟರಿಗಿಂತ ಕಿರಿದಾಗಿರಬಾರದು; ಎರಡು ಕೋಣೆಗಳಿದ್ದಲ್ಲಿ ಒಂದು 7.5 ಚದರ ಮೀಟರಿನಷ್ಟು, ಅಂದರೆ ಸುಮಾರು 81 ಚದರ ಅಡಿ ಇರಬಹುದು. ನಮ್ಮ ಮಾರುಕಟ್ಟೆ ಈ ಕನಿಷ್ಠ ಮಿತಿಯನ್ನೇ ಮಾದರಿಯೆಂದು ಹಿಡಿದಂತಿದೆ. ಇಂಗ್ಲೆಂಡಿನಲ್ಲಿ 2015ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡವೂ ಒಬ್ಬರು ಮಲಗುವ ಕೋಣೆಗೆ 7.5 ಚದರ ಮೀಟರನ್ನೇ ಹೇಳುತ್ತದೆ. ಆದರೆ ಇಬ್ಬರು ಮಲಗುವ ಕೋಣೆಯೆನಿಸಿಕೊಳ್ಳಲು ಅಲ್ಲಿ 11.5 ಚದರ ಮೀಟರ್ ಇರಬೇಕು. ಒಬ್ಬರ ಕೋಣೆಗೂ ಇಬ್ಬರ ಕೋಣೆಗೂ ಇರುವ ಈ ಭೇದವನ್ನು ನಮ್ಮ ಬಿಎಚ್‌ಕೆ ಅಳತೆ ಅಳಿಸಿಹಾಕಿದೆ.

2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ಜನರ ಬಾಯಲ್ಲಿರುವ ರೇರಾ, ಕಾರ್ಪೆಟ್ ಏರಿಯಾಕ್ಕೆ ಕಾನೂನಿನ ವ್ಯಾಖ್ಯೆ ನೀಡಿದ್ದು ದೊಡ್ಡ ಹೆಜ್ಜೆ. ಹೊರಗೋಡೆ, ಬಾಲ್ಕನಿ, ತಾರಸಿಗಳನ್ನು ಬಿಟ್ಟು ಒಳಗಿನ ಬಳಕೆಯ ಜಾಗವನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಮಾರಾಟಕ್ಕಿರುವ ಫ್ಲ್ಯಾಟುಗಳ ಸಂಖ್ಯೆ, ಬಗೆ, ಕಾರ್ಪೆಟ್ ಏರಿಯಾಗಳನ್ನು ನೋಂದಣಿಯ ಸಮಯದಲ್ಲೇ ತಿಳಿಸಬೇಕೆಂದು ವಿಧಿಸುತ್ತದೆ. ಆದರೆ ಒಳಗಿನ ಅಡ್ಡಗೋಡೆಗಳು ಆಕ್ರಮಿಸುವ ಜಾಗವೂ ಕಾರ್ಪೆಟ್ ಏರಿಯಾದಲ್ಲೇ ಸೇರುತ್ತದೆ. ಕೋಣೆ ಹೆಚ್ಚಾದಷ್ಟೂ ಅಡ್ಡಗೋಡೆ ಹೆಚ್ಚು, ಓಣಿ ಹೆಚ್ಚು. ಕಾಗದದ ಮೇಲಿನ ಅಳತೆ ಒಂದೇ ಆಗಿದ್ದರೂ ಕಾಲಿಡಲು ಸಿಗುವ ನೆಲ ಕಡಿಮೆ. ಇದಲ್ಲದೆ, ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದ 2017ರ ನಂತರವೂ ಮಾತುಕತೆಯ ದರ ಸೂಪರ್ ಬಿಲ್ಟ್-ಅಪ್ ಲೆಕ್ಕದಲ್ಲಿಯೇ ನಡೆಯುತ್ತಿದೆ.

ತೆರಿಗೆಯ ನಿಯಮಗಳೂ ಕೋಣೆಗಳನ್ನು ಕಿರಿದಾಗಿಸುವತ್ತ ಒತ್ತುತ್ತವೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳ ಪ್ರಕಾರ ಬೆಂಗಳೂರಿನಂತಹ ಮಹಾನಗರದಲ್ಲಿ 60 ಚದರ ಮೀಟರ್ ಕಾರ್ಪೆಟ್ ಏರಿಯಾ ಮತ್ತು 45 ಲಕ್ಷ ರೂಪಾಯಿ ಮೀರದ ಮನೆಗೆ ಶೇ 1, ಉಳಿದವಕ್ಕೆ ಶೇ 5. ಬಡವರಿಗೂ ಕೆಳಮಧ್ಯಮ ವರ್ಗಕ್ಕೂ ನೆರವಾಗುವ ಉದ್ದೇಶ ಒಳ್ಳೆಯದೇ. ಆದರೆ 45 ಲಕ್ಷದ ಮನೆಗೆ 1.8 ಲಕ್ಷ ರೂಪಾಯಿ ಉಳಿಯುವಾಗ, ಆ 60 ಮೀಟರಿನೊಳಗೇ ಎಷ್ಟು ಕೋಣೆಗಳನ್ನು ಹಿಡಿಸಬಹುದು ಎಂಬ ಪೈಪೋಟಿಗೆ ಅದು ಎಡೆಮಾಡಿಕೊಡುತ್ತದೆ.

ನನ್ನ ಸಲಹೆಗಳು ಮೂರು. ಮೊದಲನೆಯದು, ಜಾಹೀರಾತಿನಲ್ಲಿ ಬಿಎಚ್‌ಕೆ ಎಂಬ ಅಕ್ಷರಗಳು ಎಷ್ಟು ದೊಡ್ಡದಾಗಿರುತ್ತವೆಯೋ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಕಾರ್ಪೆಟ್ ಏರಿಯಾ ಮತ್ತು ಅತಿ ಕಿರಿದಾದ ಮಲಗುವ ಕೋಣೆಯ ಅಳತೆಯನ್ನು ಮುದ್ರಿಸುವಂತೆ ರಾಜ್ಯದ ರೇರಾ ಪ್ರಾಧಿಕಾರ ಆದೇಶಿಸಬೇಕು. ಆಗ ಕಿರಿದಾದ ಕೋಣೆಯನ್ನು ಎಣಿಕೆಯ ಮರೆಯಲ್ಲಿ ಅಡಗಿಸುವುದು ಕಷ್ಟವಾಗುತ್ತದೆ.

ಎರಡನೆಯದು ನೋಂದಣಿಗೆ ಸಂಬಂಧಿಸಿದ್ದು. ನಮ್ಮ ರಾಜ್ಯದಲ್ಲಿ 2023ರಿಂದ ಕಾವೇರಿ 2.0 ತಂತ್ರಾಂಶದ ಮೂಲಕ ದಸ್ತಾವೇಜುಗಳ ನೋಂದಣಿ ನಡೆಯುತ್ತಿದೆ. ಫ್ಲ್ಯಾಟಿನ ಕ್ರಯಪತ್ರ ನೋಂದಾಯಿಸುವಾಗ ಕಾರ್ಪೆಟ್ ಏರಿಯಾ, ಮಲಗುವ ಕೋಣೆಗಳ ಸಂಖ್ಯೆ, ಭೂಮಿಯ ಅವಿಭಜಿತ ಪಾಲು ಈ ಮೂರನ್ನೂ ಪ್ರತ್ಯೇಕ ಅಂಕಣಗಳಲ್ಲಿ ದಾಖಲಿಸಿ, ಕೊಂಡವರ ಮಾರಿದವರ ಹೆಸರುಗಳನ್ನು ಬಿಟ್ಟು, ಪ್ರದೇಶವಾರು ಪ್ರಕಟಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ರಿಸರ್ವ್ ಬ್ಯಾಂಕು ತನ್ನ ಮನೆಬೆಲೆ ಸೂಚ್ಯಂಕಕ್ಕೆ ನೋಂದಣಿ ಇಲಾಖೆಗಳ ಮಾಹಿತಿಯನ್ನೇ ಅವಲಂಬಿಸಿದೆ. ರಾಷ್ಟ್ರೀಯ ವಸತಿ ಬ್ಯಾಂಕಿನ ರೆಸಿಡೆಕ್ಸ್ ಸೂಚ್ಯಂಕ ಮನೆಗಳನ್ನು ಕೋಣೆಗಳಿಂದ ವಿಂಗಡಿಸದೆ ಕಾರ್ಪೆಟ್ ಏರಿಯಾದಿಂದ ವಿಂಗಡಿಸುತ್ತದೆ: 60 ಚದರ ಮೀಟರ್‌ವರೆಗೆ, 60ರಿಂದ 110, ಅದಕ್ಕೂ ಮೇಲೆ. ತಜ್ಞರು ಜಾಗವನ್ನು ನೋಡುತ್ತಾರೆ, ಕೊಳ್ಳುವವರಿಗೆ ಮಾತ್ರ ಕೋಣೆಯ ಸಂಖ್ಯೆ ಕೊಡಲಾಗುತ್ತದೆ. ಈ ಅಂತರ ಹೋಗಬೇಕು.

ಮೂರನೆಯ ಸಲಹೆ ಮನೆ ಕೊಳ್ಳುವವರಿಗೆ. ನಕ್ಷೆ ನೋಡುವಾಗ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಎರಡು ಮನೆಗಳ ಬೆಲೆಯ ವ್ಯತ್ಯಾಸವನ್ನು ಅವುಗಳ ಕಾರ್ಪೆಟ್ ಏರಿಯಾದ ವ್ಯತ್ಯಾಸದಿಂದ ಭಾಗಿಸಿ. ಬಾಡಿಗೆಯ ವ್ಯತ್ಯಾಸವನ್ನು ವಿಚಾರಿಸಿ. ಬೆಳಗಿನ ಒಂಬತ್ತು ಗಂಟೆಗೆ ಅಲ್ಲಿಂದ ಕಚೇರಿಗೆ ಒಮ್ಮೆ ಹೋಗಿ ನೋಡಿ. ಕೊನೆಯದಾಗಿ, ಆ ಕೋಣೆಯಲ್ಲಿ ಯಾರು ಮಲಗುತ್ತಾರೆ, ಹತ್ತು ವರ್ಷಗಳ ನಂತರ ಅವರ ವಯಸ್ಸೆಷ್ಟು ಎಂದು ಕೇಳಿಕೊಳ್ಳಿ. ಈ ಐದು ಕೆಲಸಗಳಿಗೆ ಒಂದು ಭಾನುವಾರ ಮತ್ತು ಒಂದು ಸೋಮವಾರದ ಬೆಳಗು ಸಾಕು. ಇಪ್ಪತ್ತು ವರ್ಷಗಳ ಕಂತಿನ ಎದುರು ಅದು ಹೆಚ್ಚೇನಲ್ಲ.

ನಮ್ಮ ನಗರಗಳು ಇನ್ನೂ ಹೊರಹೊರಗೆ ಬೆಳೆಯಲಿವೆ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಅಂಚುಗಳಲ್ಲಿಯೂ ಇದೇ ಲೆಕ್ಕ ನಡೆಯಲಿದೆ. ಮನೆ ಕಟ್ಟುವವರು ಜನರು ಕೇಳಿದ್ದನ್ನು ಕಟ್ಟುತ್ತಾರೆ. ನಾವು ಎಷ್ಟು ಕೋಣೆ ಎಂದಷ್ಟೇ ಕೇಳುವವರೆಗೂ ಕೋಣೆಗಳು ಹೆಚ್ಚುತ್ತ, ಕಿರಿದಾಗುತ್ತ ಹೋಗುತ್ತವೆ. ಎಷ್ಟು ದೊಡ್ಡ ಕೋಣೆ ಎಂದು ಕೇಳಲು ತೊಡಗಿದರೆ ಅದಕ್ಕೂ ಉತ್ತರ ಬಂದೀತು.